ಕಾವಲಿನ ಹುಲ್ಲೇ ಕೆರೆಯ ಮೊದಲ ಏರಿ

ಚಿತ್ರದುರ್ಗದಲ್ಲಿ ಚಳ್ಳಕೆರೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತವರಿಗೆ ಕಾಣುವುದೇನು? ಒಂದಷ್ಟು ಶೇಂಗಾ ಹೊಲ, ಒಂದಷ್ಟು ಬಳ್ಳಾರಿ ಜಾಲಿ, ಅಲ್ಲಲ್ಲಿ ಕುರಿ ಹಿಂಡು, ಉಳಿದದ್ದೆಲ್ಲ ಬಯಲು. "ಅಲ್ಲೇನಿದೆ ಬಿಡ್ರಿ, ಬರೀ ಬೀಳು" ಅಂತ ಪಕ್ಕದ ಸೀಟಿನವರು ಟವೆಲ್ಲು ಮುಖಕ್ಕೆಳೆದುಕೊಂಡು ನಿದ್ದೆ ಮಾಡ್ತಾರೆ.

ಉತ್ತರೆ ಮಳೆ ಒಂದು ರಾತ್ರಿ ಜೋರಾಗಿ ಹೊಡೆಯಲಿ, ಮರುದಿನ ಇದೇ ಪ್ರಯಾಣಿಕರು ಇದೇ ಬಸ್ಸಿನಲ್ಲಿ ಯಾವುದೋ ಹಳ್ಳದ ದಂಡೆಯ ಮೇಲೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಮುಂದೆ ಸೇತುವೆ ಕಾಣುವುದಿಲ್ಲ, ಕೆಂಪು ನೀರು ಕಾಣುತ್ತದೆ. ಊರೊಳಗೆ ತಗ್ಗಿನ ಬೀದಿಯ ಅಂಗಡಿಯವರು ಅಕ್ಕಿ ಮೂಟೆ, ಸಕ್ಕರೆ ಮೂಟೆ ಎತ್ತಿ ಹಲಗೆ ಮೇಲೆ ಇಡುತ್ತಿರುತ್ತಾರೆ. ಮಳೆ ನಿಂತ ಮೇಲೆ ಮೋರಿಯಿಂದ ಪುರಸಭೆಯವರು ಮೇಲೆತ್ತುವುದೂ ಅದೇ ಕೆಂಪು ಮಣ್ಣು.

ಆ ಮಣ್ಣು ಆಕಾಶದಿಂದ ಬಿದ್ದದ್ದಲ್ಲ. ಬಸ್ಸಿನ ಕಿಟಕಿಯಿಂದ ಕಂಡ "ಬೀಳಿ"ನಿಂದ ಬಂದದ್ದು. ನೀರು ಬಂದದ್ದೂ ಅಲ್ಲಿಂದಲೇ. ಮಳೆ ಜಾಸ್ತಿ ಆಯ್ತು, ಮೋರಿ ಸಣ್ಣದಾಯ್ತು, ಕಂಟ್ರಾಕ್ಟರು ಸಿಮೆಂಟು ಕಡಿಮೆ ಹಾಕಿದ ಅಂತೆಲ್ಲ ಪ್ರತಿ ವರ್ಷ ಬೈದಾಡುವುದು ಇದ್ದದ್ದೇ. ಬೈಯಬೇಕಾದ್ದು ಇರಬಹುದು ಕೂಡ. ಆದರೆ ನೀರು ಊರಿಗೆ ಬರುವುದಕ್ಕೆ ಮೊದಲು ಎಲ್ಲಿ ನಿಲ್ಲಬೇಕಾಗಿತ್ತು, ಅಲ್ಲಿ ಯಾಕೆ ನಿಲ್ಲಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಇಪ್ಪತ್ತು ಟ್ಯಾಂಕರಿನ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಚೆನ್ನಾಗಿ ಗೊತ್ತಿರುವುದರಿಂದ ಲೆಕ್ಕದಲ್ಲೇ ನೋಡಬಹುದು. ಒಂದು ಎಕರೆ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು 40 ಸಾವಿರ ಲೀಟರ್ ನೀರು. ಒಂದು ರಾತ್ರಿಯಲ್ಲಿ ಐದು ಸೆಂಟಿಮೀಟರ್ ಮಳೆ ಬಂದರೆ ಎಕರೆಗೆ 2 ಲಕ್ಷ ಲೀಟರ್. 10 ಸಾವಿರ ಲೀಟರಿನ ಟ್ಯಾಂಕರ್ ಲಾರಿಯಲ್ಲಿ ತುಂಬಿದರೆ 20 ಲಾರಿ. ಕೆರೆಯ ಮೇಲ್ಗಡೆ ಸಾವಿರ ಎಕರೆ ಬಯಲು ಇದ್ದರೆ 20 ಸಾವಿರ ಲಾರಿ!

ಇದರಲ್ಲಿ ಎಷ್ಟು ಭೂಮಿಗೆ ಇಳಿಯುತ್ತೆ, ಎಷ್ಟು ಹರಿದು ಕೆಳಗೆ ಬರುತ್ತೆ ಅನ್ನೋದು ನೆಲದ ಮೇಲೆ ಏನಿದೆ ಅನ್ನೋದರ ಮೇಲೆ ನಿಂತಿದೆ. ಚಳ್ಳಕೆರೆ ಕಡೆಯ ಮಸಾರಿ ನೆಲ ಬರಿದಾಗಿ ಬಿದ್ದಿದ್ದರೆ ದಪ್ಪ ಹನಿ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ. ಮಣ್ಣಿನ ಕಣ ಎದ್ದು, ಸಣ್ಣ ಸಣ್ಣ ತೂತುಗಳಲ್ಲಿ ಕೂತು, ಮೇಲೊಂದು ಪದರ ಕಟ್ಟುತ್ತದೆ. ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ. ಆಮೇಲೆ ಬಿದ್ದ ನೀರು ಒಳಗೆ ಹೋಗಲು ದಾರಿಯಿಲ್ಲದೆ ಓಟ ಕೀಳುತ್ತದೆ. ಹುಲ್ಲಿದ್ದರೆ ಹನಿ ಮೊದಲು ಗರಿಗೆ ಬಡಿದು ಒಡೆಯುತ್ತದೆ, ಬುಡಕ್ಕೆ ಜಾರುತ್ತದೆ, ಬೇರಿನ ದಾರಿ ಹಿಡಿದು ಇಳಿಯುತ್ತದೆ. ಇಳಿಯದೆ ಉಳಿದದ್ದು ಕೂಡ ಬುಡದಿಂದ ಬುಡಕ್ಕೆ ತಡವರಿಸಿಕೊಂಡು ನಿಧಾನಕ್ಕೆ ಬರುತ್ತದೆ.

ಬರಿ ನೆಲದಿಂದ ಅರ್ಧ ಹರಿದು ಬಂತು, ಹುಲ್ಲಿನ ನೆಲದಿಂದ ಕಾಲು ಭಾಗ ಬಂತು ಅಂತ ಲೆಕ್ಕಕ್ಕೆ ಹಿಡಿಯಿರಿ. ಸಾವಿರ ಎಕರೆಗೆ ವ್ಯತ್ಯಾಸ 5 ಸಾವಿರ ಲಾರಿ ನೀರು. ಅದೂ ಒಂದು ಕಡೆ ಒಂದೆರಡು ಗಂಟೆಯಲ್ಲಿ ನುಗ್ಗುವುದು, ಇನ್ನೊಂದು ಕಡೆ ದಿನಪೂರ್ತಿ ಬರುವುದು. ಮಣ್ಣಿನ ಏರಿ ಒಡೆಯುವುದು ಹೆಚ್ಚಾಗಿ ಕೋಡಿ ಸಾಲದೆ ನೀರು ಏರಿಯ ನೆತ್ತಿ ಹತ್ತಿದಾಗ. ಅದೇ ನೀರು ದಿನಪೂರ್ತಿ ಬಂದಿದ್ದರೆ ಕೋಡಿಯೇ ಸಾಕಾಗುತ್ತಿತ್ತು.

ಇನ್ನು ಮಣ್ಣಿನ ಲೆಕ್ಕ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ತೊಳೆದುಹೋದರೆ 4 ಘನಮೀಟರ್. ಟ್ರ್ಯಾಕ್ಟರ್ ಟ್ರೈಲರಿಗೆ ಒಂದು ಲೋಡು ತುಂಬಿ ಮೇಲೆ ಮಿಗುತ್ತದೆ. ಅದು ಹೋಗಿ ಕೂರುವುದು ಕೆರೆಯಂಗಳದಲ್ಲಿ. ಆಮೇಲೆ ಸರ್ಕಾರ ಹೂಳೆತ್ತುವ ಯೋಜನೆ ಹಾಕುತ್ತದೆ, ಜೆಸಿಬಿ ಬರುತ್ತದೆ, ಬಿಲ್ಲು ಆಗುತ್ತದೆ. ಮುಂದಿನ ಮಳೆಗೆ ಮೇಲಿನಿಂದ ಮತ್ತೆ ಲೋಡು ಇಳಿಯುತ್ತದೆ. ಮನೆ ಸೋರುತ್ತಿರುವಾಗ ಸೂರು ಬಿಟ್ಟು ನೆಲ ಒರೆಸುತ್ತ ಕೂತ ಹಾಗೆ.

ದೊಡ್ಡ ಉದಾಹರಣೆ ಬೇಕಾದರೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ಇದೆ. 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಹಿಡಿಸುವುದು 105ರ ಆಸುಪಾಸು. (ನಮ್ಮ ವೇದಾವತಿಯ ಮಣ್ಣು ಆ ಲೆಕ್ಕಕ್ಕೆ ಸೇರಿಲ್ಲ, ಅದು ಹಗರಿ ಅಂತ ಹೆಸರು ಬದಲಾಯಿಸಿಕೊಂಡು ಅಣೆಕಟ್ಟಿನ ಕೆಳಗೆ ನದಿ ಸೇರುತ್ತದೆ.) 

ರಾಜರ ಕಾಲದ ಮೇವಿನ ಕ್ಯಾಲೆಂಡರು

ಈ ಬಯಲನ್ನು ಬೀಳು ಅಂತ ಕರೆಯುವುದು ಇತ್ತೀಚಿನ ಅಭ್ಯಾಸ. ಹಳೆಯ ಹೆಸರು ಕಾವಲು. ಹೆಸರಲ್ಲೇ ಕಾಯುವುದು ಇದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಅಂತ ಒಂದು ಇಲಾಖೆಯೇ ಇತ್ತು. ಹೈದರ್ ಅಲಿ ಅದನ್ನು ದಂಡಿನ ಕೆಲಸಕ್ಕೆ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಮೊದಲು ಕಣ್ಣು ಹಾಕಿದ್ದರಲ್ಲಿ ಈ ದನವೂ ಒಂದು. ಫಿರಂಗಿ ಎಳೆಯಲು ಇಂಥ ಎತ್ತು ಬೇರೆಲ್ಲೂ ಇರಲಿಲ್ಲ. 1860ರಲ್ಲಿ ಖರ್ಚು ಉಳಿಸುತ್ತೇವೆ ಅಂತ ಇಲಾಖೆ ಮುಚ್ಚಿ ದನ ಮಾರಿದರು. ಆರೇ ವರ್ಷಕ್ಕೆ, 1866ರಲ್ಲಿ, ಕೈ ಹಿಸುಕಿಕೊಂಡು ಮತ್ತೆ ಶುರು ಮಾಡಿದರು. ಸರ್ಕಾರದ ಬುದ್ಧಿ ಆಗಲೂ ಹಾಗೇ ಇತ್ತು ಅಂತ ಸಮಾಧಾನಪಟ್ಟುಕೊಳ್ಳಬಹುದು.

ದನದ ಕೀರ್ತಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹುಲ್ಲಿನ ವ್ಯವಸ್ಥೆ. ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ಹಾಸನದ ಕಡೆ ಹರಡಿದ್ದ ಕಾವಲುಗಳು ಒಂದು ಕಾಲಕ್ಕೆ ಒಟ್ಟು 4 ಲಕ್ಷ ಎಕರೆ ಮೀರಿದ್ದವು. ಅವನ್ನು ಮೂರು ಬಗೆ ಮಾಡಿದ್ದರು. ಬೇಸಿಗೆ ಕಾವಲು ಹೆಚ್ಚಾಗಿ ಕೆರೆಯಂಗಳಗಳು. ಬಿಸಿಲು ಕಾಲದಲ್ಲಿ ಅಲ್ಲಿ ಹುಲ್ಲೂ ಸಿಗುತ್ತೆ, ನೀರೂ ಸಿಗುತ್ತೆ, ಮರದ ನೆರಳೂ ಸಿಗುತ್ತೆ. ಹೊರಗಿನ ದನ ನುಗ್ಗದಂತೆ ಎಲ್ಲಕ್ಕಿಂತ ಬಿಗಿಯಾಗಿ ಕಾಯುತ್ತಿದ್ದದ್ದು ಇವನ್ನೇ. ಮಳೆಗಾಲದ ಕಾವಲು ಅಂದರೆ ದೊಡ್ಡ ಕೆರೆ ಕಟ್ಟೆ ಇಲ್ಲದ ಬಯಲು. ನೀರಿಲ್ಲದ್ದರಿಂದ ಬೇಸಿಗೆಯಲ್ಲಿ ಅಲ್ಲಿ ದನ ಇಡಲಾಗದು. ಮಳೆ ಮುಗಿದ ಮೇಲೂ ಕೊಂಚ ಕಾಲ ಹುಲ್ಲು ಉಳಿಯುವ ಕಡೆ ಚಳಿಗಾಲದ ಕಾವಲು.

ದನ ಹೀಗೆ ಕಾಲಕ್ಕೆ ತಕ್ಕಂತೆ ಜಾಗ ಬದಲಾಯಿಸಿದಾಗ ಆಗುತ್ತಿದ್ದದ್ದೇನು? ಹಿಂಡು ಒಂದು ಕಡೆ ಮೇಯುವಾಗ ಉಳಿದ ಎರಡು ಕಡೆ ನೆಲಕ್ಕೆ ರಜೆ. ಕೆರೆಯಂಗಳದ ಹುಲ್ಲು ಮಳೆಗಾಲದಲ್ಲಿ ಗೊರಸಿಗೆ ಸಿಗದೆ ಬೇರು ಬಿಡುತ್ತಿತ್ತು. ಬೇಸಿಗೆಯಲ್ಲಿ ದನ ಕಾಣದ ಬಯಲು ಒಣಗಿದ ಕರಡವನ್ನೇ ಹೊದ್ದು ಮಲಗಿ ಮೊದಲ ಮಳೆಯ ಹೊಡೆತ ತಾಳುತ್ತಿತ್ತು. ಪ್ರವಾಹ ತಡೆಯಬೇಕು ಅಂತ ಯಾರೂ ಈ ಕಟ್ಟಳೆ ಮಾಡಲಿಲ್ಲ, ಎತ್ತು ಗಟ್ಟಿಯಾಗಿರಲಿ ಅಂತ ಮಾಡಿದರು. ಆದರೂ ಕೆಳಗಿನ ಕೆರೆಗಳಿಗೆ ಪುಕ್ಕಟೆ ಲಾಭ ಸಿಕ್ಕಿತು.

ಸೀಮೆಯವರಿಗೆ ಇದೇನೂ ಹೊಸದಲ್ಲ. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದ ಹೆಚ್ಚುವರಿ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಹಾಗೇ ಇಳಿದಿಳಿದು ಕೆಳಗೆ ಊರಿನ ಸಂತೆಹೊಂಡದ ತನಕ ಬರುವಂತೆ ಪಾಳೆಗಾರರು ಮಾಡಿದ್ದು ಶಾಲೆ ಮಕ್ಕಳಿಗೂ ಗೊತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಜಾತ್ರೆಗೆ ಮಾತ್ರ ನೆನಪಾಗುತ್ತಾರೆ; ಅವರು ಕೆರೆ ಕಟ್ಟಿಸಿದವರು ಅಂತಲೇ ಆ ಭಾಗದ ಪ್ರತೀತಿ. ನೀರು ಮೇಲಿಂದ ಬರುತ್ತೆ, ಮೇಲೇ ಅದರ ಉಪಚಾರ ಆಗಬೇಕು ಅನ್ನೋದು ಅವರಿಗೆಲ್ಲ ತಿಳಿದಿತ್ತು.

ಹುಲ್ಲು ಎಲ್ಲಿಗೆ ಹೋಯ್ತು?

ಒಬ್ಬರೇ ತಿಂದದ್ದಲ್ಲ. ಎಲ್ಲರೂ ಒಂದೊಂದು ತುತ್ತು.

ಮೊದಲು ನೇಗಿಲು. ಶೇಂಗಾಕ್ಕೆ ಬೆಲೆ ಬಂತು, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳು ಎದ್ದವು, ಊರಿಗೆ 'ಎಣ್ಣೆ ನಗರ' ಅಂತ ಹೆಸರಾಯ್ತು. ಒಳ್ಳೆಯದೇ. ಆದರೆ ಇಳಿಜಾರಿನ ಹುಲ್ಲುಗಾವಲೂ ಶೇಂಗಾ ಹೊಲವಾಯ್ತು. ಗಿಡ ಕಿತ್ತು ಕಾಯಿ ತೆಗೆಯುವ ಬೆಳೆ ಅದು. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಜೋರು ಮಾಡುವ ಹೊತ್ತಿಗೆ ಸರಿಯಾಗಿ ಕಿತ್ತ ನೆಲ ಸಡಿಲವಾಗಿ ಬಿದ್ದಿರುತ್ತದೆ. ಗೋಮಾಳದಲ್ಲಿ ಉಳುಮೆ ಮಾಡಿದವರು ಸಕ್ರಮಕ್ಕೆ ಅರ್ಜಿ ಹಾಕಿದರು. ಫಾರಂ 50, ಫಾರಂ 53, ಆಮೇಲೆ ಫಾರಂ 57. ಬಡವನಿಗೆ ಎರಡು ಎಕರೆ ಸಿಕ್ಕಿದ್ದನ್ನು ಯಾರೂ ಆಕ್ಷೇಪಿಸಬೇಕಿಲ್ಲ. ಬಡವನ ಹೆಸರು ಹೇಳಿಕೊಂಡು ದೊಡ್ಡವರು ಎಷ್ಟು ಬೇಲಿ ಹಾಕಿದರು ಅನ್ನೋದು ಹಳ್ಳಿಹಳ್ಳಿಯ ಕಟ್ಟೆ ಪುರಾಣ.

ಆಮೇಲೆ ಗಿಡ ನೆಡುವ ಹುಚ್ಚು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಜ್ಯದುದ್ದಕ್ಕೂ ಗೋಮಾಳಗಳಲ್ಲಿ ನೀಲಗಿರಿ ಬಂತು. ಹುಲ್ಲುಗಾವಲು ಕಂಡರೆ ಇದು ಹಾಳು, ಇಲ್ಲಿ ಕಾಡು ಬೆಳೆಸಬೇಕು ಅಂತ ಅಧಿಕಾರಿಗಳಿಗೆ ಅನ್ನಿಸುವುದು ಇನ್ನೂ ನಿಂತಿಲ್ಲ. ದೆಹಲಿಯವರು ತೆಗೆದ ಪಾಳುಭೂಮಿ ನಕ್ಷೆಗಳಲ್ಲಿ ಹುಲ್ಲು ಬೆಳೆಯುವ ಎಷ್ಟೋ ನೆಲ ಪಾಳು ಅಂತಲೇ ಬಣ್ಣ ಬಳಿಸಿಕೊಂಡಿದೆ. ಒಣಸೀಮೆಯಲ್ಲಿ ನೂರಾರು ವರ್ಷದಿಂದ ಕೂತ ಹುಲ್ಲಿನ ಹೆಪ್ಪನ್ನು ಅಗೆದು ಸಾಲಾಗಿ ಗುಂಡಿ ತೆಗೆದರೆ ಹುಲ್ಲೂ ಹೋಗುತ್ತೆ, ಗಿಡವೂ ಬದುಕುವುದಿಲ್ಲ, ಗುಂಡಿ ಮಾತ್ರ ಉಳಿಯುತ್ತದೆ.

ಬಳ್ಳಾರಿ ಜಾಲಿಯ ಕಥೆ ಬೇರೆ. ಅದನ್ನು ಯಾರೂ ಕರೆಯಬೇಕಾಗಿಲ್ಲ. ದನ ಕುರಿ ಕಾಯಿ ತಿಂದು ಬೀಜ ಹರಡುತ್ತವೆ. ಹಸಿರು ಕಾಣುತ್ತಲ್ಲ ಅಂತ ಸಂತೋಷಪಡುವಂತಿಲ್ಲ, ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ. ಕೆರೆಯಂಗಳ ತುಂಬಿಕೊಂಡ ಜಾಲಿಯನ್ನು ಸೌದೆಗೆ, ಇದ್ದಿಲಿಗೆ ಕಡಿಯುತ್ತಾರೆ. ಕಡಿದಷ್ಟೂ ಚಿಗುರುತ್ತದೆ.

ಕೊನೆಗೆ ಬಂದದ್ದು ಗೋಡೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ 2008ರಿಂದೀಚೆಗೆ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೂ ಇತರರಿಗೂ ಹಂಚಲಾಯ್ತು. ಉದ್ದಕ್ಕೂ ಕಾಂಪೌಂಡು ಎದ್ದಿತು. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದವರು ಗೋಡೆ ಮುಂದೆ ನಿಂತರು. ಹಳ್ಳಿಯವರು ಪ್ರತಿಭಟನೆ ಮಾಡಿದರು, ವಿಷಯ ಹಸಿರು ನ್ಯಾಯಮಂಡಳಿಗೆ ಹೋಯ್ತು, 2014ರಲ್ಲಿ ಆದೇಶ ಬಂತು. ಜಮೀನು ಸಂಸ್ಥೆಗಳ ಕೈಯಲ್ಲೇ ಉಳಿಯಿತು. ದೇಶಕ್ಕೆ ವಿಮಾನ ಬೇಕು, ವಿಜ್ಞಾನ ಬೇಕು, ಇಲ್ಲ ಅನ್ನುವವರು ಯಾರು? ಆದರೆ ಗೋಡೆಯ ಹೊರಗೆ ಉಳಿದ ತುಂಡು ನೆಲದ ಮೇಲೆ ಮೊದಲಿನಷ್ಟೇ ದನ, ಮೊದಲಿನಷ್ಟೇ ಕುರಿ ಬಿದ್ದವು. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರು, ಕಂಬಳಿ ನೇಯುವ ಕುರುಬರು ಎಲ್ಲರ ಹೊಟ್ಟೆಯೂ ಅದೇ ಹುಲ್ಲಿನ ಮೇಲೆ. ಮೂರು ಕಾಲಕ್ಕೆ ಮೂರು ಕಾವಲು ಇದ್ದಲ್ಲಿ ಮೂರೂ ಕಾಲಕ್ಕೆ ಒಂದೇ ತುಂಡು. ಅದು ತಿಂಗಳೊಪ್ಪತ್ತಿನಲ್ಲಿ ಬೋಳಾಗದೆ ಇನ್ನೇನಾಗುತ್ತೆ?

ಅಮೃತ ಮಹಲ್ ಇಲಾಖೆಯ ಕೈಯಲ್ಲಿ ಹಳೆಯ 4 ಲಕ್ಷ ಎಕರೆಯ ಕಾಲು ಭಾಗವೂ ಈಗ ಇಲ್ಲ.

ಒಂದು ವರ್ಷ ಕೋಡಿ, ಮರುವರ್ಷ ಬರ

2022ರ ಸೆಪ್ಟೆಂಬರ್ ಯಾರಿಗೂ ಮರೆತಿರಲಾರದು. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ 89 ವರ್ಷ ತುಂಬಿ ಹರಿದದ್ದೇ ಇಲ್ಲ. ಆ ವರ್ಷ ಹರಿಯಿತು. ಮಳೆಯ ಜೊತೆ ಭದ್ರಾ ನೀರೂ ಸೇರಿತ್ತು. ಬುತ್ತಿ ಕಟ್ಟಿಕೊಂಡು ಬಸ್ಸು, ಟೆಂಪೋಗಳಲ್ಲಿ ಜನ ಕೋಡಿ ನೋಡಲು ಹೋದರು. ಅಜ್ಜ ಕಂಡಿದ್ದನ್ನು ಮೊಮ್ಮಗ ಕಂಡ. ಸಂಭ್ರಮವೇ. ಆದರೆ ಸಣ್ಣ ಕೆರೆಗಳ ಕೆಳಗೆ ಮನೆ, ಹೊಲ, ಕೊಟ್ಟಿಗೆ ಇದ್ದವರು ರಾತ್ರಿಯೆಲ್ಲ ಏರಿ ಕಾದದ್ದೂ ಅದೇ ಮಳೆಗಾಲದಲ್ಲಿ.

ಮರುವರ್ಷ 2023. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಹಿಂದಿನ ವರ್ಷ ಹಳ್ಳ ದಾಟಲಾಗದೆ ನಿಂತವರು ಮೇವಿಗೆ, ಕುಡಿಯುವ ನೀರಿಗೆ ಅಲೆದರು. ಅಷ್ಟು ನೀರು ಬಂದದ್ದು ಎಲ್ಲಿ ಹೋಯ್ತು? ಬಂದ ವೇಗದಲ್ಲೇ ಹೋಯ್ತು. ಹುಲ್ಲಿನ ನೆಲ ಹೀರಿಕೊಂಡದ್ದು ಬಾವಿಗೆ, ಬೋರಿಗೆ ತಿಂಗಳುಗಟ್ಟಲೆ ಜಿನುಗುತ್ತೆ. ಹೀರದ್ದು ಆಂಧ್ರದ ಕಡೆಗೆ ಸಲಾಂ ಹೊಡೆಯುತ್ತದೆ.

ಹುಲ್ಲಿದ್ದಿದ್ದರೆ 2022ರಲ್ಲಿ ಏನೂ ಆಗುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಾರಗಟ್ಟಲೆ ಮಳೆ ಹಿಡಿದು ನೆಲ ಕುಡಿದು ಕುಡಿದು ಸಾಕಾದ ಮೇಲೆ ಹುಲ್ಲಾದರೂ ಅಷ್ಟೇ, ಬರಿ ನೆಲವಾದರೂ ಅಷ್ಟೇ, ಬಿದ್ದದ್ದು ಹರಿಯುತ್ತದೆ. ಹುಲ್ಲಿನ ಉಪಯೋಗ ಕಾಣುವುದು ಒಣಗಿದ ನೆಲಕ್ಕೆ ಒಮ್ಮೆಲೇ ಹೊಡೆಯುವ ಮಳೆಯಲ್ಲಿ. ಈ ಸೀಮೆಯಲ್ಲಿ ಅಂಥ ಮಳೆಯೇ ಜಾಸ್ತಿ. ಇನ್ನು ಹೂಳು ತಡೆಯುವುದರಲ್ಲಿ ಎಂಥ ಮಳೆಯಲ್ಲೂ ಹುಲ್ಲಿನ ಕೆಲಸ ಇದ್ದೇ ಇದೆ. ಹೂಳು ಕಡಿಮೆ ಬಂದ ಕೆರೆಯಲ್ಲಿ ಪ್ರವಾಹದ ನೀರಿಗೆ ಜಾಗವೂ ಜಾಸ್ತಿ ಇರುತ್ತದೆ.

ಬಾಗಿಲು ಹಾಕುವವರು ಯಾರು?

ಉಪಾಯ ಕಷ್ಟದ್ದೇನಲ್ಲ, ದುಡ್ಡಿನದೂ ಅಲ್ಲ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿ ಇಲ್ಲ. 

ಉಳಿದಿರುವ ಕಾವಲು, ಗೋಮಾಳವನ್ನು ಮೂರೋ ನಾಲ್ಕೋ ತುಂಡು ಮಾಡಿ ಸರದಿ ಮೇಲೆ ಮೇಯಿಸುವುದು. ಮೊದಲ ಮಳೆಗೆ ಚಿಗುರಿದ ತಕ್ಷಣ ನುಗ್ಗಿಸದೆ ಒಂದು ತುಂಡನ್ನಾದರೂ ಹುಲ್ಲು ತೆನೆ ಬಿಟ್ಟು ಬೀಜ ಉದುರುವ ತನಕ ಮುಚ್ಚುವುದು. ಮರುವರ್ಷ ಇನ್ನೊಂದು ತುಂಡಿಗೆ ಆ ರಜೆ. ಎಲ್ಲಿ ಮೇಯಿಸಿದರೂ ಬುಡಕ್ಕೆ ಹಲ್ಲು ಹತ್ತುವ ಮೊದಲೇ ಹಿಂಡು ಏಳಿಸುವುದು, ಅದರಲ್ಲೂ ಕುರಿಯನ್ನು, ಯಾಕೆಂದರೆ ದನ ಬಿಟ್ಟದ್ದನ್ನೂ ಕುರಿ ನೆಲ ಸಮ ಮಾಡಿ ತಿನ್ನುತ್ತದೆ. ಬೇಸಿಗೆಯಲ್ಲಿ ಕರಡಕ್ಕೆ ಬೀಡಿ ಬೆಂಕಿ ಬೀಳದಂತೆ ನೋಡುವುದು. ಕೊರಕಲು ಬಿದ್ದ ಕಡೆ ಕಲ್ಲಿನ ತಡೆ ಹಾಕಿ ಮೇಲೆ ಗರಿಕೆ ಹಚ್ಚುವುದು.

ಹೊಲದವರಿಗೂ ಪಾಲಿದೆ. ಗುಂಡ್ಲುಪೇಟೆ ಕಡೆಯ ರೈತರು ತಲೆತಲಾಂತರದಿಂದ ಹೊಲದ ಎಲ್ಲೆಗೆ ಲಾವಂಚ ಹಾಕಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರ ಕಣ್ಣಿಗೆ ಅದು ಬಿದ್ದು, ಮಣ್ಣು ಹಿಡಿಯಲು ಇಷ್ಟು ಅಗ್ಗದ ಬೇಲಿ ಇಲ್ಲ ಅಂತ ಎಷ್ಟೋ ದೇಶಗಳಿಗೆ ಪ್ರಚಾರವಾಯ್ತು. ಬೇರು ಆಳುದ್ದ ಇಳಿಯುತ್ತದೆ, ಬಲಿತ ಗರಿಯನ್ನು ದನ ಅಷ್ಟಾಗಿ ಮುಟ್ಟುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದು ಸಾಲು ಹಚ್ಚಿದರೆ ಹರಿವ ನೀರು ಅಲ್ಲಿ ಮಣ್ಣು ಇಳಿಸಿ ಸೋಸಿಕೊಂಡು ಮುಂದೆ ಹೋಗುತ್ತದೆ. ನಮ್ಮದೇ ಜ್ಞಾನ ಅಮೆರಿಕದ ಪುಸ್ತಕದಲ್ಲಿ ಬಂದ ಮೇಲೆ ನಮ್ಮ ಇಲಾಖೆಗಳಿಗೆ ಗೊತ್ತಾಗುವುದು ಹೊಸದೇನಲ್ಲ.

ಕಷ್ಟ ಇರುವುದು ಮುಚ್ಚುವುದರಲ್ಲಿ. ಎರಡು ತಿಂಗಳು ಒಂದು ತುಂಡು ಮುಚ್ಚಿದರೆ ಆ ಎರಡು ತಿಂಗಳು ಕಿಲಾರಿ ಎಲ್ಲಿಗೆ ಹೋಗಬೇಕು? ಐವತ್ತು ಕುರಿ ಇರುವವನು ಹೇಗೋ ಸಾಗ ಹಾಕಿಯಾನು. ಎರಡು ಹಸು ಕಟ್ಟಿಕೊಂಡ ವಿಧವೆ ಏನು ಮಾಡಬೇಕು? ಬರ ಬಂದಾಗ ಗೋಶಾಲೆ, ಮೇವು ಬ್ಯಾಂಕು ಅಂತ ಖರ್ಚು ಮಾಡುವ ಸರ್ಕಾರ ಹುಲ್ಲಿಗೆ ರಜೆ ಕೊಡುವ ಎರಡು ತಿಂಗಳಿಗೆ ಅದರ ಸಣ್ಣ ಪಾಲು ಮೇವು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಕೆರೆ ಕೆಳಗಿನ ಅಡಿಕೆ, ಬತ್ತದವರು ಮೇಲಿನ ಕುರಿಯವರಿಗೆ ಒಂದೆರಡು ಗಾಡಿ ಹುಲ್ಲು ಕೊಟ್ಟರೂ ಆದೀತು. ಏರಿ ಒಡೆದರೆ ಹೋಗುವುದು ಅವರ ತೋಟವೇ.

ಕಾನೂನಿನಲ್ಲಿ ಬೇಕಾದಷ್ಟಿದೆ. 100 ದನಕ್ಕೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು ಅಂತ ಭೂಕಂದಾಯ ನಿಯಮ ಹೇಳುತ್ತದೆ. ಅದರಲ್ಲಿ ಕುರಿ ಮೇಕೆ ಲೆಕ್ಕಕ್ಕಿಲ್ಲ ಅನ್ನೋದು ಕುರಿಗಾರರ ಸೀಮೆಗೆ ಒಂದು ತಮಾಷೆ. ಊರೊಟ್ಟಿನ ನೆಲದ ಒತ್ತುವರಿ ಬಿಡಿಸಬೇಕು ಅಂತ 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದಾಯ್ತು. ಕೆರೆಗಳಿಗೆ ಒಂದು ಪ್ರಾಧಿಕಾರವೇ ಬೇಕು ಅಂತ 2014ರಲ್ಲಿ ರಾಜ್ಯ ಕಾಯಿದೆ ಮಾಡಿತು. ಆದರೆ ಕೆರೆ ಒಬ್ಬರದು, ಕಾವಲು ಪಶುಸಂಗೋಪನೆಯವರದು, ಗೋಮಾಳ ಕಂದಾಯದವರದು, ಗುಂಡಿ ತೋಡುವುದು ಅರಣ್ಯದವರು, ಮೋರಿ ಪುರಸಭೆಯದು. ನೀರಿಗೆ ಈ ಹಂಚಿಕೆ ಗೊತ್ತಿಲ್ಲ. ಅದು ಎಲ್ಲ ಇಲಾಖೆಯ ನೆಲದ ಮೇಲೂ ಒಂದೇ ರಾತ್ರಿಯಲ್ಲಿ ಹಾದು ಬರುತ್ತದೆ.

ಮಾರಿಕಣಿವೆ 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಈಗ ಕೋಡಿ ನೋಡಲು 89 ವರ್ಷ ಕಾಯಬೇಕಾಗಿಲ್ಲ. ದೊಡ್ಡ ಅಣೆಕಟ್ಟನ್ನು ನೋಡಿಕೊಳ್ಳಲು ಎಂಜಿನಿಯರುಗಳಿದ್ದಾರೆ. ಹಳ್ಳಿಯ ಕೆರೆಗೆ ಹಿಂದೆ ಒಬ್ಬ ನೀರುಗಂಟಿ ಇರುತ್ತಿದ್ದ, ಮಳೆ ರಾತ್ರಿ ಲಾಂದ್ರ ಹಿಡಿದು ಏರಿ ಮೇಲೆ ಓಡಾಡುತ್ತಿದ್ದ. ಎಷ್ಟೋ ಕಡೆ ಅವನೂ ಈಗಿಲ್ಲ. ಕೃತ್ತಿಕೆ, ರೋಹಿಣಿ ಮಳೆಗೆ ಮೊದಲು ಗ್ರಾಮಸಭೆಗಳು ಕೂರುವುದುಂಟು. ಬೀದಿ ದೀಪ, ಚರಂಡಿ, ಮನೆ ಪಟ್ಟಿ ಮುಗಿಯುವ ಹೊತ್ತಿಗೆ ಜನ ಎದ್ದು ಹೊರಟಿರುತ್ತಾರೆ. ಈ ಸಲ ಯಾವ ತುಂಡು ಮುಚ್ಚಬೇಕು, ಮುಚ್ಚಿದ ತುಂಡಿನವರಿಗೆ ಮೇವು ಎಲ್ಲಿಂದ ಅನ್ನೋ ಮಾತನ್ನು ಅದಕ್ಕಿಂತ ಮೊದಲೇ ಎತ್ತಬೇಕು. ಕುರಿಗಾರರೂ ಕೆರೆ ಕೆಳಗಿನವರೂ ಎದುರಾಬದುರು ಕೂತಿರುವಾಗಲೇ.